ಪೆನ್ಸಿಲಿನಲ್ಲಿ ಬರೆದ ಅಪ್ಪಂದಿರು

ವರ್ನಾ ಸೈಜ್‌ಮೋರ್ ನಮ್ಮ ಲಾರೆಲ್ ಫೋರ್ಕ್ ಕುದುರೆ ಸಂಘದ ಅಧ್ಯಕ್ಷೆಯಾದ ವಾರದಲ್ಲೇ ಸದಸ್ಯರಿಗೆಲ್ಲ ಒಂದು ಕಾಗದ ಕಳಿಸಿದಳು. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದ ಹೆಂಗಸು. ಹೇಳಬೇಕಾದ್ದನ್ನು ಸುತ್ತಿ ಬಳಸಿ ಹೇಳಿ ಗೊತ್ತಿಲ್ಲ. ತಳಿ ಪುಸ್ತಕವನ್ನು ಪೇಟೆಯ ಆಫೀಸಿಗೆ ತಂದು ಕಂಪ್ಯೂಟರಿಗೆ ಹಾಕುವುದೇ ಸಂಘದ ಮೊದಲ ಕೆಲಸ ಎಂದು ಬರೆದಿದ್ದಳು. ಕೊನೆಯ ಸಾಲಿನಲ್ಲಿ, ಇಷ್ಟು ವರ್ಷ ಪುಸ್ತಕ ನೋಡಿಕೊಂಡ ಓಮಾ ಡೀಟನ್ ಅವರಿಗೆ ಧನ್ಯವಾದ.

ತನ್ನನ್ನು ತೆಗೆದುಹಾಕಿದ್ದು ಓಮಾಗೆ ಗೊತ್ತಾದದ್ದು ಆ ಸಾಲಿನಿಂದಲೇ. ಎಪ್ಪತ್ತೆಂಟು ವಯಸ್ಸಿನ ಅವಳನ್ನು ಇಡೀ ಕಣಿವೆ ಅತ್ತೆ ಎನ್ನುತ್ತಿತ್ತು. ಈ ಕೆಂಟಕಿ ಗುಡ್ಡಗಳಲ್ಲಿ ಹುಟ್ಟಿದ ಒಂದೊಂದು ಮರಿಗೂ ಅಪ್ಪ ಯಾರು, ಅಮ್ಮ ಯಾರು ಎಂದು ನಲವತ್ತೊಂದು ವರ್ಷ ಬರೆದಿಟ್ಟವಳು. ಹನ್ನೊಂದು ದಪ್ಪ ಪುಸ್ತಕಗಳು ಅವಳ ಅಡುಗೆಮನೆಯ ಕಪಾಟಿನಲ್ಲಿದ್ದವು. ಕಾಗದ ಓದಿ ಕಪಾಟಿಗೆ ಬೀಗ ಹಾಕಿದಳು.

ವರ್ನಾಳ ಅವಸರಕ್ಕೆ ಕಾರಣವಿತ್ತು. ಆ ಹಿಂದಿನ ವಸಂತದಲ್ಲಿ ಹುಟ್ಟಿದ ಐವತ್ತಮೂರು ಮರಿಗಳಲ್ಲಿ ಹನ್ನೊಂದರ ಮುಂಗಾಲು ಮಡಿಸಿಕೊಂಡೇ ಇದ್ದವು. ಲಾಳ ಹೊಡೆಯುವ ಕಾಯ್ ಎಂದರೆ ನಾನೇ, ದಬ್ಬೆ ಕಟ್ಟಿ ನೋಡಿದೆ. ಆರು ಮರಿಗಳು ಏಳಲೇ ಇಲ್ಲ, ಅವನ್ನು ಸಾಯಿಸಬೇಕಾಯಿತು. ತೀರಾ ಹತ್ತಿರದ ರಕ್ತ ಕೂಡಿದೆ ಎಂದ ವಿಶ್ವವಿದ್ಯಾಲಯದ ಡಾಕ್ಟರು ಎಲ್ಲರ ಮನೆಯ ದಾಖಲೆ ತರಿಸಿ ನೋಡಿದರು. ದಾಖಲೆಯ ಪ್ರಕಾರ ಎಲ್ಲವೂ ದೂರದ ಸಂಬಂಧ. ಈ ದಾಖಲೆಯೂ ಈ ಕಾಲುಗಳೂ ಒಂದಕ್ಕೊಂದು ಹೊಂದುವುದಿಲ್ಲ, ಮೂಲ ಪುಸ್ತಕ ತನ್ನಿ ಎಂದರು.

ಸಂಘದ ಕಾರ್ಯದರ್ಶಿ ಎಂದು ವರ್ನಾ ನನ್ನನ್ನೂ ಕರೆದುಕೊಂಡು ಹೊರಟಳು. ಮೊದಲ ಸಲ ಓಮಾ ಬಾಗಿಲನ್ನೇ ತೆರೆಯಲಿಲ್ಲ. ಎರಡನೆಯ ಸಲ ಜಗಲಿಯ ಮೇಲೆ ಅವಳ ಅಣ್ಣನ ಮಗ ಹಾರ್ಲನ್ ಕೈಕಟ್ಟಿ ನಿಂತಿದ್ದ. ಅಧ್ಯಕ್ಷ ಸ್ಥಾನವನ್ನು ವರ್ನಾಳೆದುರು ನಾಲ್ಕು ಓಟಿನಲ್ಲಿ ಕಳೆದುಕೊಂಡವನು. ಹದಿನೆಂಟು ವರ್ಷ ಈ ಸೀಮೆಗೆಲ್ಲ ಹೆಸರಾಗಿದ್ದ, ಈಗ ಸತ್ತಿರುವ ಪಿಲ್‌ಗ್ರಿಮ್ ಎಂಬ ಬೀಜದ ಕುದುರೆ ಅವನದೇ.

"ಕೊಡಲ್ಲ ಅಂದಾಯ್ತಲ್ಲ. ಬಸ್ ತಿರುಗಿಸ್ಕೊಂಡು ಹೋಗಮ್ಮ," ಎಂದ.

"ಪುಸ್ತಕ ಸಂಘದ್ದು, ನಿಮ್ಮಪ್ಪನ ಮನೇದಲ್ಲ," ಎಂದಳು ವರ್ನಾ.

ವಕೀಲರ ನೋಟಿಸು ಹೋಯಿತು. ಅದಾದ ಎರಡು ದಿನಕ್ಕೆ ವರ್ನಾಳ ಬೇಲಿಯ ತಂತಿ ಯಾರೋ ಕತ್ತರಿಸಿದರು. ಕುದುರೆಗಳು ಹೆದ್ದಾರಿಗೆ ಬಂದು ನಿಂತಿದ್ದವು. ನನ್ನ ಟ್ರಕ್ಕಿನ ಉದ್ದಕ್ಕೂ ಮೊಳೆಯಿಂದ ಗೀಚಿದರು. ಚರ್ಚಿನಲ್ಲಿ ಜನ ಎರಡು ಪಕ್ಕಕ್ಕೆ ಕೂರತೊಡಗಿದರು.

ವಾರ್ಷಿಕ ಸಭೆ ಮಾರ್ಚಿನಲ್ಲಿ, ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ. ಅದೇ ವಾರ ಹಾರ್ಲನ್‌ನ ಲಾಯದಲ್ಲೂ ಕಾಲು ಮಡಿಸಿದ ಮರಿ ಹುಟ್ಟಿತು. ಅವನ ಅಂಗಳ ಓಮಾಳ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ಮರಿ ಎದ್ದೀತೇ ಎಂದು ಮೂರು ದಿನ ಕಾದು, ನಾಲ್ಕನೆಯ ದಿನ ಅವನು ಅದಕ್ಕೆ ಗುಂಡು ಹೊಡೆದದ್ದನ್ನು ಅವಳು ನೋಡಿದಳು.

ಸಭೆಯಲ್ಲಿ ಹುರುಳಿಕಾಯಿ, ಜೋಳದ ರೊಟ್ಟಿ ಹಾಗೇ ಆರುತ್ತಿದ್ದವು. ವರ್ನಾ ಕೋರ್ಟಿಗೆ ಹೋಗುವ ಮಾತು ಎತ್ತಿದ್ದಳು, ಹಾರ್ಲನ್ ಅಡ್ಡ ಮಾತಾಡುತ್ತಿದ್ದ. ಅಷ್ಟರಲ್ಲಿ ಓಮಾ ಎರಡು ಕೈಚೀಲಗಳಲ್ಲಿ ಪುಸ್ತಕ ಹೊತ್ತು ಬಂದಳು. ಎತ್ತಿಕೊಳ್ಳಲು ಹೋದ ನನ್ನ ಕೈ ತಳ್ಳಿದಳು.

"ನಿನಗೋಸ್ಕರ ಬಂದಿಲ್ಲ," ಎಂದಳು ವರ್ನಾಳಿಗೆ. "ಇದನ್ನ ಯಾರ ಕೈಗೂ ಕೊಡಲ್ಲ. ನಾನೇ ಓದ್ತೀನಿ."

ಒಂದು ಬೀಜದ ಕುದುರೆಗೆ ವರ್ಷಕ್ಕೆ ಇಪ್ಪತ್ತೇ ಹೆಣ್ಣು ಕುದುರೆ ಎಂಬುದು ಸಂಘದ ನಿಯಮ. ಆದರೆ ಎಲ್ಲರಿಗೂ ಬೇಕಾದದ್ದು ಪಿಲ್‌ಗ್ರಿಮ್‌ನ ಮರಿ. ಇಪ್ಪತ್ತು ಮುಗಿದ ಮೇಲೂ ಜನ ಹಾರ್ಲನ್‌ನ ಲಾಯಕ್ಕೆ ಕುದುರೆ ತರುತ್ತಿದ್ದರು, ಮರಿಯನ್ನು ಪುಸ್ತಕಕ್ಕೆ ಸೇರಿಸುವ ಅರ್ಜಿಯಲ್ಲಿ ಅಪ್ಪ ಎಂದು ಬೇರೆ ಕುದುರೆಯ ಹೆಸರು ಬರೆದು ಸಹಿ ಹಾಕುತ್ತಿದ್ದರು. ಹೀಗೆ ಅಪ್ಪನಿಗೇ ಮಗಳನ್ನು, ಅಣ್ಣನಿಗೆ ತಂಗಿಯನ್ನು ಗೊತ್ತಿಲ್ಲದೆ ಕೂಡಿಸುತ್ತಾ ಬಂದಿದ್ದರು. ಓಮಾ ಅವರು ಸಹಿ ಹಾಕಿದ್ದನ್ನು ಇಂಕಿನಲ್ಲಿ ಬರೆದಳು. ಕಿಟಕಿಯಿಂದ ತಾನು ಕಂಡದ್ದನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ.

ಅದನ್ನೇ ಈಗ ಓದತೊಡಗಿದಳು. ಕುದುರೆಯ ಹೆಸರು, ಇಂಕಿನ ಅಪ್ಪ, ಪೆನ್ಸಿಲಿನ ಅಪ್ಪ, ತಂದವನ ಹೆಸರು. ಹೆಸರು ಬಂದವರು ಒಬ್ಬೊಬ್ಬರಾಗಿ ಕುರ್ಚಿ ಸರಿಸಿ ಎದ್ದರು. ಕೆಲವರು ಮುದುಕಿಗೆ ಅರಳುಮರಳು ಎಂದರು. ಒಬ್ಬ ಮೇಜಿನ ಮೇಲಿನ ಕಾಫಿ ಚೆಲ್ಲಿ ಹೋದ.

"ಅತ್ತೆ, ಸಾಕು ಮಾಡು. ಮನೆ ಮರ್ಯಾದೆ ನೋಡು," ಎಂದ ಹಾರ್ಲನ್.

"ಹದಿನೆಂಟು ವರ್ಷ ಅದನ್ನೇ ನೋಡ್ದೆ ಕಣೋ. ಕೂತ್ಕೋ."

ನನ್ನ ಹೆಸರೂ ಬಂತು. ಸುಳ್ಳಲ್ಲ, ಒಮ್ಮೆ ನಾನೂ ಹಾಗೆ ಸಹಿ ಹಾಕಿದ್ದೆ. ಪಟ್ಟಿ ಬರೆದುಕೊಳ್ಳುತ್ತಿದ್ದವನೂ ನಾನೇ, ಬರೆದುಕೊಂಡೆ.

ಏಳನೆಯ ಪುಸ್ತಕದಲ್ಲಿ ಓಮಾ ತಲೆಯೆತ್ತದೆ ಓದಿದಳು. "ಜೂನಿ. ಇಂಕಿನಲ್ಲಿ ಚೀಫ್. ಪೆನ್ಸಿಲಿನಲ್ಲಿ ಪಿಲ್‌ಗ್ರಿಮ್. ತಾಯಿಯನ್ನ ತಂದವನು ರೇ ಸೈಜ್‌ಮೋರ್."

ರೇ ವರ್ನಾಳ ಗಂಡ, ತೀರಿಕೊಂಡು ಒಂಬತ್ತು ವರ್ಷ. ವರ್ನಾಳ ಲಾಯವೆಲ್ಲ ಜೂನಿಯ ಸಂತಾನ. ಹಿಂದೆ ಯಾರೋ ಕಿಸಕ್ಕೆಂದರು.

"ಈಗೇನಂತೀಯಮ್ಮ ಅಧ್ಯಕ್ಷೆ?" ಎಂದ ಹಾರ್ಲನ್.

ವರ್ನಾಳ ಕುತ್ತಿಗೆ ಕೆಂಪಾಗಿತ್ತು. ಅವನ ಕಡೆ ತಿರುಗದೆ ನನಗೆ ಹೇಳಿದಳು, "ಬರ್ಕೋ ಕಾಯ್." ಆಮೇಲೆ ಓಮಾಗೆ, "ಮುಂದಿನದು ಓದಿ."

ಮೇ ಹೊತ್ತಿಗೆ ಹಾರ್ಲನ್ ಮೂವತ್ತೇಳು ಮನೆಯವರನ್ನು ಕಟ್ಟಿಕೊಂಡು ಬೇರೆ ಸಂಘ ಮಾಡಿದ. ಅಲ್ಲಿ ಇಂಕಿನ ಹೆಸರೇ ನಡೆಯುತ್ತದೆ. ನನ್ನ ಟ್ರಕ್ ತನ್ನ ಗೇಟು ದಾಟಕೂಡದು ಎಂದು ಹೇಳಿಕಳಿಸಿದ. ನನ್ನ ಅರ್ಧ ಗಿರಾಕಿಗಳು ಹೋದರು. ನಾನು ಬರೆದುಕೊಂಡದ್ದನ್ನು ನೋಡಿ ಮರಿ ಹುಟ್ಟಿಸಬಾರದ ಕುದುರೆಗಳ ಪಟ್ಟಿಯನ್ನು ಡಾಕ್ಟರು ಕಳಿಸಿದಾಗ ಅದರಲ್ಲಿ ವರ್ನಾಳ ಬೀಜದ ಕುದುರೆ, ಜೂನಿಯ ಮಗ ಬ್ಯಾನರ್‌ನ ಹೆಸರೂ ಇತ್ತು. ವರ್ನಾ ಎಲ್ಲರಿಗಿಂತ ಮೊದಲು ಅವನ ಬೀಜ ತೆಗೆಸಿದಳು. ಹಗ್ಗ ಹಿಡಿದವನು ನಾನು. ಇಡೀ ಹೊತ್ತು ಅವಳು ರೇಯನ್ನು ಬೈಯುತ್ತಿದ್ದಳು, ಅವನು ಪಕ್ಕದಲ್ಲೇ ನಿಂತಿದ್ದಾನೆ ಎಂಬಂತೆ.

ಒಣ ಸೇಬಿನ ಕೇಕು ಮಾಡಿಕೊಂಡು ಓಮಾಳ ಮನೆಗೂ ಹೋದಳು. ಆ ಕಾಗದ ಹಾಗೆ ಬರೆಯಬಾರದಿತ್ತು, ಪುಸ್ತಕ ನೀವೇ ನೋಡಿಕೊಳ್ಳಿ ಎಂದು ಕೇಳಿಕೊಂಡಳು. ಓಮಾ ಜಾಲರಿ ಬಾಗಿಲು ಅರ್ಧ ತೆರೆದು ಕೇಕು ಈಸಿಕೊಂಡಳು.

"ತಟ್ಟೆ ಹಾರ್ಲನ್ ಕೈಲಿ ಕಳಿಸ್ತೀನಿ. ನೀನು ಮತ್ತೆ ಬರ್ಬೇಡ," ಎಂದು ಬಾಗಿಲು ಹಾಕಿಕೊಂಡಳು. ತಟ್ಟೆ ಬರಲಿಲ್ಲ.

ಮುಂದಿನ ವರ್ಷಗಳಲ್ಲಿ ಕೂಡಿಸುವ ಮುನ್ನ ನಮ್ಮ ಸಂಘದಲ್ಲಿ ಉಳಿದವರೆಲ್ಲ ಡಾಕ್ಟರ ಪಟ್ಟಿ ನೋಡಿದರು. ಎರಡನೆಯ ವಸಂತದಲ್ಲಿ ನಮ್ಮ ಪುಸ್ತಕಕ್ಕೆ ಇಪ್ಪತ್ತೊಂಬತ್ತು ಮರಿಗಳು ಸೇರಿದವು. ಒಂದರ ಕಾಲು ಮಾತ್ರ ಸೊಟ್ಟಗಿತ್ತು. ಹದಿನಾರು ದಿನ ದಬ್ಬೆ ಕಟ್ಟಿದೆ, ನೆಟ್ಟಗಾಯಿತು. ಆ ಮಾರ್ಚಿನಲ್ಲೇ ಉಳಿದ ಸದಸ್ಯರು ಆರು ಓಟಿನಿಂದ ವರ್ನಾಳನ್ನು ಕುರ್ಚಿಯಿಂದ ಇಳಿಸಿದ್ದರು. ಅವಳ ದನಿ ಕೇಳಿ ಕೇಳಿ ಸಾಕಾಗಿದೆ ಎಂದರು. ಅವಳು ಮನೆಗೆ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆದುಕೊಂಡು ಕೂತು, ಹೊಸ ಅಧ್ಯಕ್ಷ ಬಾಯಿ ತೆರೆದ ಕೂಡಲೇ ಮೊದಲ ಆಕ್ಷೇಪಣೆ ಎತ್ತಿದಳು.