ಸದ್ದು ಮಾತ್ರ ಬಂದ ವಿಡಿಯೋ

ಜ್ವರದಲ್ಲಿ ಎಚ್ಚರ ತಪ್ಪುವ ಮುಂಚೆ ಅಪ್ಪ ತಮ್ಮ ಹೊಸ ಫೋನಿನಲ್ಲಿ ಒಂದು ವಿಡಿಯೋ ಮಾಡಿ ಮಗಳಿಗೆ ಕಳಿಸಿದ್ದರು. ಅವಳ ಹಳೆ ಫೋನಿನಲ್ಲಿ ಅದು ತೆರೆಯಲೇ ಇಲ್ಲ. ಅಪ್ಪನ ಫೋನಿಗೆ ಬೀಗ, ಅದರ ಅಂಕಿ ಅವರೊಬ್ಬರಿಗೇ ಗೊತ್ತು.

ಡಾಕ್ಟರಮ್ಮ ಗಡಿಯಾರ ನೋಡಿಕೊಂಡೇ ಹೇಳಿದ್ದರು: "ನಿಮ್ಮಪ್ಪನ ಬಲಗೈಗೆ ನಂಜೇರಿದೆ, ಮೂರು ಬೆರಳು ತೆಗೀಬೇಕಮ್ಮ. ನಾಳೆವರೆಗೂ ಔಷಧೀಲೇ ನೋಡೋಣ ಅಂದ್ರೆ ನೋಡಬಹುದು, ಆದ್ರೆ ಜೀವಕ್ಕೆ ಅಪಾಯ. ಅರ್ಧ ಗಂಟೇಲಿ ಹೇಳಿ."

ಅಪ್ಪ ಹುಟ್ಟುಕಿವುಡರು. ಅವರ ಮಾತೆಲ್ಲ ಆ ಬೆರಳುಗಳಲ್ಲೇ ಇತ್ತು. ಕೈಸನ್ನೆಯಲ್ಲೇ ಗದರಿ, ಕೈಸನ್ನೆಯಲ್ಲೇ ನೆರೆಮನೆಯವರ ಚಾಡಿ ಹೇಳಿ ಅವಳನ್ನು ಬೆಳೆಸಿದವರು. ಅವರನ್ನು ಕೇಳದೆ ಕತ್ತರಿಸಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಬೆರಳಿನ ವಿಷಯ ಅವರಿಗೆ ಗೊತ್ತಿತ್ತು; ಏನಾದರೂ ಹೇಳಿದ್ದರೆ ಆ ವಿಡಿಯೋದಲ್ಲೇ. ಅದನ್ನು ಆಸ್ಪತ್ರೆಯ ನೋಂದಣಿ ಕಿಟಕಿಯ ಗುಮಾಸ್ತನ ಕಂಪ್ಯೂಟರಿಗೆ ಹಾಕಿಸಿದಳು. ಸದ್ದು ಬಂತು, ಚಿತ್ರ ಬರಲಿಲ್ಲ. ಕಪ್ಪು ಪರದೆಯಿಂದ ಬಟ್ಟೆಯ ಸರಪರ, ಏದುಸಿರು, ಅಷ್ಟೇ. ಕಿವುಡರ ಮಾತಿಗೆ ಬರೀ ಸದ್ದು! ಇಂಥ ಫೋನ್ ಮಾಡಿದ ಪುಣ್ಯಾತ್ಮರನ್ನು ನೆನೆದು ಅವಳಿಗೆ ಮೈಯೆಲ್ಲ ಉರಿಯಿತು.

"ಆ ಕಂಪನಿ ವಿಡಿಯೋ ಆ ಕಂಪನಿ ಫೋನಲ್ಲೇ ಓಡೋದು, ಮೇಡಂ," ಎಂದು ಗುಮಾಸ್ತ ಕೈಚೆಲ್ಲಿದ.

ಇನ್ನು ಹತ್ತೊಂಬತ್ತು ನಿಮಿಷ. ಕೂತಲ್ಲಿ ಕೂರಲಾರದೆ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಅಲೆದಳು, ಸಿಕ್ಕಸಿಕ್ಕವರ ಮುಂದೆ ಫೋನ್ ಹಿಡಿದಳು. ಎಕ್ಸ್-ರೇ ಕೋಣೆಯವನೊಬ್ಬ ಮಾತ್ರ ಲೋಟ ಕೆಳಗಿಟ್ಟು ಎದ್ದ.

"ಕೊಡಿ ಇಲ್ಲಿ. ನಮ್ಮ ಎಕ್ಸ್-ರೇ ನೋಡಿ, ಯಂತ್ರ ಯಾರದ್ದಾದ್ರೂ ಇರಲಿ, ಚಿತ್ರ ಎಲ್ಲಾ ಕಡೆ ತೆರೆಯುತ್ತೆ. ಎಲ್ರೂ ಕೂತು ಒಂದೇ ಪದ್ಧತಿ ಒಪ್ಕೊಂಡಿದ್ದಾರೆ. ಈ ಫೋನಿನವರಿಗೇನು ರೋಗ?"

"ಅಣ್ಣಾ, ಭಾಷಣ ಆಮೇಲೆ!"

ಅವನು ತನ್ನ ಕಂಪ್ಯೂಟರಿನಲ್ಲಿ, ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ವಿಡಿಯೋ ಪ್ಲೇಯರೊಂದರಲ್ಲಿ ಫೈಲ್ ತೆರೆದ. ಚಿತ್ರ ಮೂಡಿತು.

ಅಪ್ಪ ಮಂಚದ ಮೇಲೆ ಕೂತಿದ್ದರು. ಬಲಗೈಯನ್ನು ಬೇಕೆಂದೇ ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯೊಂದರಲ್ಲೇ ಮಾತಾಡುತ್ತಿದ್ದರು. ತಡವರಿಸಿದರು, ತಪ್ಪಿದರು, ತಲೆ ಕೊಡವಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಎರಡು ಕೈ ಬೇಕಾದ ಸನ್ನೆಗೆ ಮೊಣಕಾಲನ್ನೇ ಇನ್ನೊಂದು ಕೈ ಮಾಡಿಕೊಂಡರು. ಹೇಳಿದ್ದು ಚಿಕ್ಕದು: ಬೆರಳು ಹೋದ್ರೆ ಹೋಗ್ಲಿ. ಹೀಗೆ ಮಾತಾಡೋದು ಕಲೀತಿದ್ದೀನಿ. ನಿಂಗೆ ಅರ್ಥ ಆಗುತ್ತಾ?

ಕೊನೆಯ ಪ್ರಶ್ನೆಯನ್ನು ಮೂರು ಸಲ ಕೇಳಿ, ಕ್ಯಾಮೆರಾದತ್ತ ಬಾಗಿ ಕಾದರು.

ಅವಳು ಪರದೆಯ ಮುಂದೆ ತನ್ನ ಎಡಗೈ ಎತ್ತಿ, ಆಗುತ್ತಪ್ಪ, ಎಂದು ತೋರಿಸಿದಳು. ಆಮೇಲೆ ಬಿಕ್ಕುತ್ತಲೇ ಸಹಿ ಹಾಕಲು ಓಡಿದಳು.