ನಡುಗಿದ್ದು ನಾನಲ್ಲ

ನಾನು ಕೂದಲು ಕತ್ತರಿಸುವ ಒಂದು ಮಷೀನು. ಕಾರ್ಖಾನೆಯಲ್ಲಿ ನನಗೆ ಎರಡು ಸಾಲು ಉಕ್ಕಿನ ಹಲ್ಲು ಕೊಟ್ಟರು, ಹೊಟ್ಟೆಯಲ್ಲಿ ಮೋಟರು ಇಟ್ಟರು, ಬಾಲದಂತೆ ವೈರು ಜೋಡಿಸಿದರು. ರಟ್ಟಿನ ಡಬ್ಬಿಯಲ್ಲಿ ಕಣ್ಣು ಮುಚ್ಚಿದ ನಾನು ಕಣ್ಣು ಬಿಟ್ಟದ್ದು ಗದಗಿನ ಒಂದು ಓಣಿಯಲ್ಲಿ, ಗುರುಪಾದಪ್ಪ ಹಡಪದನ ಅಂಗೈಯಲ್ಲಿ. ಅಗಲವಾದ, ಬೆಚ್ಚಗಿನ ಅಂಗೈ. ನನ್ನಂಥವರಿಗೆ ತಾಯಿಯ ಮಡಿಲು ಅಂದರೆ ಅದೇ.

ಆಗ ಹುಡುಗರಿಗೆ ಫೇಡ್ ಕಟಿಂಗಿನ ಹುಚ್ಚು. ಕಿವಿಯ ಹತ್ತಿರ ಬೋಳು, ಮೇಲೆ ಹೋದಂತೆ ದಟ್ಟ. ನಡುವೆ ಗೆರೆ ಕಾಣಬಾರದು. ಬೋಳು ಕಿವಿಯ ಪಕ್ಕದಲ್ಲೇ ನಿಂತರೆ ಲೋ ಫೇಡ್, ನೆತ್ತಿಯ ಹತ್ತಿರಕ್ಕೆ ಏರಿದರೆ ಹೈ ಫೇಡ್. ಎಲ್ಲರೂ ಮೊಬೈಲಿನಲ್ಲಿ ಯಾರದೋ ತಲೆ ತೋರಿಸುತ್ತಿದ್ದರು. ಗುರುಪಾದಪ್ಪ ಅದನ್ನು ನೋಡುತ್ತಿರಲಿಲ್ಲ. ಬೆರಳಿನಿಂದ ಬುರುಡೆ ತಡವುತ್ತಿದ್ದ. ದುಂಡು ಮುಖಕ್ಕೆ ಹೈ, ಉದ್ದ ಮುಖಕ್ಕೆ ಲೋ, ಹಿಂದಲೆ ಚಪ್ಪಟೆಯಾಗಿದ್ದರೆ ಅಲ್ಲಿ ಕೂದಲು ಉಳಿಸಬೇಕು. “ತಲಿ ನೋಡಿ ಕಟಿಂಗ್ ಮಾಡಬೇಕೋ ತಮ್ಮಾ. ಫೋಟೋ ನೋಡಿ ಮಾಡಿದ್ರ ಫೋಟೋಕ್ಕಷ್ಟ ಛಂದ,” ಎನ್ನುತ್ತಿದ್ದ.

ಕೆಲವು ವರ್ಷ ಕಳೆದವು. ಒಂದು ದಿನ ಒಬ್ಬನ ಕಿವಿಯ ಮೇಲೆ ನನ್ನ ಹಲ್ಲು ಕಚ್ಚಿ ಕೂದಲಲ್ಲಿ ಹಳ್ಳ ಬಿತ್ತು. “ಮಷೀನ್ ನಡಗಾಕತ್ತೈತಿ,” ಎಂದ ಗುರುಪಾದಪ್ಪ. ಎಣ್ಣೆ ಬಿಟ್ಟ. ಹಲ್ಲು ಬದಲಿಸಿದ. ರಿಪೇರಿಯವನು ನನ್ನ ಹೊಟ್ಟೆ ಬಿಚ್ಚಿ ನೋಡಿ, “ಇದರಾಗ ಏನೂ ದೋಷ ಇಲ್ರೀ,” ಎಂದು ಮುಚ್ಚಿದ. ಆ ಮಧ್ಯಾಹ್ನ ಖಾಲಿ ಅಂಗಡಿಯಲ್ಲಿ ಗುರುಪಾದಪ್ಪ ನನ್ನ ಸ್ವಿಚ್ಚು ಆರಿಸಿ ಅಂಗೈಯಲ್ಲಿ ಹಿಡಿದು ನಿಂತ. ನಾನು ಸುಮ್ಮನಿದ್ದೆ. ಆದರೂ ಅಲುಗುತ್ತಿದ್ದೆ. ಅವನು ಬಾಗಿಲ ಕಡೆ ನೋಡಿ, ನನ್ನನ್ನು ಮೆಲ್ಲಗೆ ಕೆಳಗಿಟ್ಟ.

ಕೈ ನಡುಗುವ ಕ್ಷೌರಿಕನ ಮುಂದೆ ಯಾರು ಕತ್ತು ಚಾಚುತ್ತಾರೆ? ಅವನೊಂದು ಉಪಾಯ ಹುಡುಕಿದ. ಹೈ ಫೇಡಿನಲ್ಲಿ ಕೈ ಒಂಚೂರು ಅದುರಿದರೂ ಊರಿಗೆಲ್ಲ ಕಾಣುತ್ತದೆ. ಲೋ ಫೇಡಿನಲ್ಲಿ ಬೋಳಿಸುವ ಜಾಗವೇ ಕಡಿಮೆ. ತಪ್ಪು ಮೇಲಿನ ಕೂದಲಲ್ಲಿ ಮುಚ್ಚಿಹೋಗುತ್ತದೆ. ಬಂದವರಿಗೆಲ್ಲ “ನಿನ್ನ ಮುಖಕ್ಕ ಲೋ ಫೇಡ್ ಛಂದ” ಎನ್ನತೊಡಗಿದ.

“ಯಾಕ ಕಾಕಾ, ಈ ಓಣ್ಯಾಗ ಎಲ್ಲಾರ್ನೂ ಒಬ್ಬಾಕೀನ ಹಡದಾಳೇನು?” ಎಂದು ಹುಡುಗರು ನಗುತ್ತಿದ್ದರು. ಅವನೂ ನಗುತ್ತಿದ್ದ. ಪುಣೆಯಿಂದ ಬಂದು ಪಕ್ಕದ ಕುರ್ಚಿ ಹಿಡಿದ ತಮ್ಮ ಸಂಗಮೇಶನಿಗೂ ನಿಜ ಹೇಳಲಿಲ್ಲ.

ಒಂದು ಬೆಳಿಗ್ಗೆ ಗೋಡೆ ಕಟ್ಟುವ ಗೌಂಡಿ ಕಳಕೇಶ ಬಂದ. ಮರುದಿನ ಅವನ ಮದುವೆ ನಿಶ್ಚಯ. ಜೊತೆಗೆ ಹೆಣ್ಣಿನ ಅಣ್ಣ ಮುತ್ತಣ್ಣ ಬಂದು ಬೆಂಚಿನ ಮೇಲೆ ಕೂತ. ಕಳಕೇಶನ ಬಲಗಿವಿಯ ಮೇಲೆ, ದಟ್ಟ ಕೂದಲ ಅಡಿಯಲ್ಲಿ, ಹೊಲಿಗೆಯ ಉದ್ದನೆಯ ಕಲೆ ಇತ್ತು. ಚಿಕ್ಕವನಿದ್ದಾಗ ಮಾಳಿಗೆಯಿಂದ ಬಿದ್ದು ತಲೆಗೆ ಆಪರೇಷನ್ ಆಗಿತ್ತು. ಆಮೇಲೆ ಯಾವ ತೊಂದರೆಯೂ ಇರಲಿಲ್ಲ. ಆದರೂ ಜನ ಇಲ್ಲದ್ದು ಆಡಿಕೊಳ್ಳುತ್ತಾರೆಂದು ಮನೆಯವರು ಬೀಗರಿಗೆ ಹೇಳಿರಲಿಲ್ಲ. ಕಣ್ಣಿಗೆ ಬೀಳದ ಆ ಕಲೆಯನ್ನು ಕಳಕೇಶನೇ ಮರೆತಿದ್ದ. ಗುರುಪಾದಪ್ಪನ ಬೆರಳು ಮರೆತಿರಲಿಲ್ಲ.

“ಹೈ ಫೇಡ್ ಹೊಡಿ ಕಾಕಾ.”

“ಬ್ಯಾಡೋ. ನಿನಗ ಲೋ ಫೇಡ್ ಛಂದ.” ಗುರುಪಾದಪ್ಪ ಆ ಜಾಗವನ್ನು ಬೆರಳಿನಿಂದ ಒತ್ತಿ ಕನ್ನಡಿಯಲ್ಲಿ ಕಣ್ಸನ್ನೆ ಮಾಡಿದ. ಮುತ್ತಣ್ಣ ಕೇಳುತ್ತ ಕೂತಿರುವಾಗ ಬಾಯಿಬಿಟ್ಟು ಹೇಳುವುದು ಹೇಗೆ?

ಕಳಕೇಶ ನಕ್ಕ. “ಎಮ್ಮಿ ಬಂದು ಕುಂತ್ರೂ ನೀ ಲೋ ಫೇಡ್ ಅನ್ನಾಂವ!”

“ಖರೇನ ಹೇಳಾಕತ್ತೀನೋ, ಇದೊಂದು ಸಲ ಕೇಳು.”

“ದಿನಾ ಖರೇನ ಹೇಳತಿ. ಸಂಗಣ್ಣಾ, ನೀ ಬಾ.”

ಸಂಗಮೇಶ ನಗುತ್ತ ಅಣ್ಣನ ಕೈಯಿಂದ ನನ್ನನ್ನು ತೆಗೆದುಕೊಂಡ. ಗಟ್ಟಿ ಕೈ. ಒಂದೇ ಎಳೆತಕ್ಕೆ ಕಿವಿಯಿಂದ ಮೇಲಕ್ಕೆ ಏರಿಸಿದ. ಕಲೆ ಬೆಳ್ಳಗೆ ಹೊರಬಿತ್ತು. ಕತ್ತರಿಸಿದ್ದನ್ನು ಮತ್ತೆ ಅಂಟಿಸುವ ಮಷೀನು ಇನ್ನೂ ಹುಟ್ಟಿಲ್ಲ.

ಮುತ್ತಣ್ಣ ಎದ್ದು ಬಂದ. “ಇದೇನ್ರೀ ಇದು?”

“ಸಣ್ಣಾಂವಿದ್ದಾಗ ಬಿದ್ದಿದ್ದೆ,” ಎಂದ ಕಳಕೇಶ.

“ಬಿದ್ದದ್ದಕ್ಕ ಇಷ್ಟುದ್ದ ಹೊಲಿಗಿ ಹಾಕತಾರೇನು? ಫಿಟ್ಸ್ ಗಿಟ್ಸ್ ಏನರ ಐತೇನು?” ಮುತ್ತಣ್ಣ ಗುರುಪಾದಪ್ಪನ ಕಡೆ ತಿರುಗಿದ. “ಹಿರಿಯಾರು ನೀವು. ಖರೇ ಹೇಳ್ರಿ.”

“ಬಿದ್ದದ್ದು ಖರೇ ರೀ. ಮತ್ತೇನೂ ಇಲ್ಲ ಅವಂಗ. ನಾ ಬಲ್ಲೆ.”

ಮಾತು ಸತ್ಯವೇ. ಆದರೆ ಅವನ ಕೈಯಲ್ಲಿದ್ದ ಟವೆಲ್ಲು ಗಡಗಡ ಅದುರುತ್ತಿತ್ತು. ಮುತ್ತಣ್ಣ ಮುಖ ನೋಡಲಿಲ್ಲ, ಕೈ ನೋಡಿದ.

“ಖರೇ ಹೇಳೋರ ಕೈ ಹಿಂಗ ನಡಗತೈತೇನ್ರೀ ಯಜಮಾನ್ರ?”

ಆಗ ಒಂದೇ ಒಂದು ಮಾತು ಬೇಕಿತ್ತು: ಈ ಕೈ ಯಾವಾಗಲೂ ಹೀಗೇ ನಡುಗುತ್ತದೆ. ಗುರುಪಾದಪ್ಪ ತುಟಿ ತೆರೆದ. ಸರದಿಗೆ ಕೂತ ಗಿರಾಕಿಗಳನ್ನು ನೋಡಿದ. ತನ್ನ ಕುರ್ಚಿಯನ್ನು ನೋಡಿದ. ಕೈಯನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡ.

ನಿಶ್ಚಯ ಮುರಿಯಿತು. ಎರಡು ದಿನ ಅನ್ನ ಸೇರದೆ, ಕೊನೆಗೆ ಗುರುಪಾದಪ್ಪ ತಮ್ಮನ ಮುಂದೆ ಎರಡೂ ಕೈ ಚಾಚಿ ತೋರಿಸಿದ. ಇಬ್ಬರೂ ಬಸ್ಸು ಹತ್ತಿ ಹೆಣ್ಣಿನ ಊರಿಗೆ ಹೋಗಿ ನಡುಕದ ನಿಜ ಹೇಳಿದರು. “ಅವತ್ತ ಯಾಕ ಹೇಳಲಿಲ್ಲ? ಇದು ಯಾರೋ ಹೇಳಿಕೊಟ್ಟ ಮಾತು,” ಎಂದು ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದರಂತೆ. ಆ ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಕಳಕೇಶನ ಕೂದಲು ಬೆಳೆದು ಕಲೆ ಮುಚ್ಚಿತು. ಜನರ ಬಾಯಿ ಮುಚ್ಚಲಿಲ್ಲ. ಅವನಿಗೆ ಮತ್ತೆ ಹೆಣ್ಣು ಕೊಡುತ್ತೇವೆಂದು ಯಾರೂ ಬರಲಿಲ್ಲ.

ಈಗ ನನ್ನ ಹಲ್ಲು ಮೊಂಡು. ಸಂಗಮೇಶ ಹೊಸ ಮಷೀನು ತಂದಿದ್ದಾನೆ. ಅಣ್ಣನ ಕುರ್ಚಿ ಖಾಲಿ. ನಾನು ಗುರುಪಾದಪ್ಪನ ಮನೆಯ ಕಿಟಕಿ ಗೂಡಿನಲ್ಲಿದ್ದೇನೆ. ಹಲ್ಲು ಮೊಂಡಾದರೆ ಸಾಣೆ ಹಿಡಿಸಬಹುದು. ದಿನವೂ ಸುಳ್ಳಿಗೆ ಸವೆಸಿದ ಮಾತು ಮಾತ್ರ, ಸತ್ಯಕ್ಕೆ ಬೇಕಾದ ದಿನ ಕತ್ತರಿಸುವುದಿಲ್ಲ.

ಆಗಾಗ ಅವನು ನನ್ನನ್ನು ಕೈಗೆತ್ತಿಕೊಳ್ಳುತ್ತಾನೆ. ನಿನ್ನೆಯೂ ಎತ್ತಿಕೊಂಡಿದ್ದ. ಕಿಟಕಿಯ ಆಚೆ ಕಳಕೇಶ ಹಾದುಹೋದ, ಕಿವಿ ಮುಚ್ಚುವಂತೆ ತಲೆಗೆ ಟವೆಲ್ಲು ಸುತ್ತಿಕೊಂಡು. ಗುರುಪಾದಪ್ಪ ನನ್ನನ್ನು ಬಿಗಿಯಾಗಿ ಹಿಡಿದ. ಬಿಗಿ ಹಿಡಿದಷ್ಟೂ ನಡುಕ ಹೆಚ್ಚಾಯಿತು.