ಇಸಿಜಿ ಕೋಣೆಯ ಹಸಿರು ಪರದೆ

ನಾನು ಒಂದು ಪರದೆ. ಬೆಟಗೇರಿಯ ಕೈಮಗ್ಗವೊಂದರ ಮೇಲೆ ಹುಟ್ಟಿದೆ. ನನ್ನನ್ನು ನೇಯ್ದವಳು ಗಂಗವ್ವ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಓಡಿಸುತ್ತ, ಮನೆಯ ಸುದ್ದಿಯನ್ನೆಲ್ಲ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತ ನೇಯುತ್ತಿದ್ದಳು. ನಾನು ಸೀರೆಯಾಗುತ್ತೇನೆ ಅಂದುಕೊಂಡಿದ್ದೆ. ಆದರೆ ನನಗೆ ಅಂಚಿಲ್ಲ, ಸೆರಗಿಲ್ಲ, ಉದ್ದಕ್ಕೂ ಬರೀ ಹಸಿರು. ಮಗ್ಗದಿಂದ ಇಳಿಸಿ ಮಡಚುವಾಗ ಗಂಗವ್ವ, "ಇದು ದವಾಖಾನಿ ಅರಿವಿ" ಎಂದಳು. ಆಸ್ಪತ್ರೆಯ ಬಟ್ಟೆ ಎಂದು ಸ್ವಲ್ಪ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ.

ಗಂಟು ಕಟ್ಟಿಸಿಕೊಂಡು, ಬಸ್ಸಿನ ಮೇಲೆ ಕೂತು, ದೂರದ ಒಂದು ಊರಿನ ಸರಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ಹೃದಯ ಸಂಶೋಧನೆಯ ಹೊಸ ವಿಭಾಗ ತೆರೆಯುತ್ತಿತ್ತು. ನನ್ನ ಮೊದಲ ಕೆಲಸ, ಗೋಡೆಯ ಕಲ್ಲಿನ ಫಲಕವನ್ನು ಮುಚ್ಚುವುದು. ದೊಡ್ಡವರೊಬ್ಬರು ಬಂದು ದಾರ ಎಳೆದರು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ನೆಲಕ್ಕೆ ಬಿದ್ದೆ. ಯಾರದೋ ಬೂಟು ನನ್ನ ಮೇಲೆ ಹಾದುಹೋಯಿತು. ಆಮೇಲೆ ನನ್ನನ್ನು ಮಡಚಿ ಇಸಿಜಿ ಕೋಣೆಯ ಕಬ್ಬಿಣದ ಕಪಾಟಿಗೆ ತುರುಕಿದರು. ಪುಣ್ಯಕ್ಕೆ ಆ ಕಪಾಟಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಆ ಸಂದಿನಿಂದ ನಾನು ಎಲ್ಲವನ್ನೂ ನೋಡುತ್ತಿದ್ದೆ.

ಅಲ್ಲಿ ನಡೆಯುತ್ತಿದ್ದದ್ದು ಸರಕಾರದ ದುಡ್ಡಿನ ಒಂದು ಅಧ್ಯಯನ. ಹೃದಯದ ಕಾಯಿಲೆಗೆ ಹೊಸ ಮಾತ್ರೆ ಬಂದಿತ್ತು. ಅದು ನಮ್ಮ ಜನಕ್ಕೆ ಒಗ್ಗುತ್ತದೋ ಇಲ್ಲವೋ ತಿಳಿಯಬೇಕಿತ್ತು. ಕಾಯಿಲೆಯವರಲ್ಲಿ ಒಪ್ಪಿದವರನ್ನು ಸೇರಿಸಿಕೊಂಡು, ತಿಂಗಳಿಗೊಮ್ಮೆ ಕರೆಸಿ ನೋಡುತ್ತಿದ್ದರು. ಅಧ್ಯಯನದ ಯಜಮಾನಿಕೆ ಡಾಕ್ಟರ್ ಅಂಗಡಿಯವರದು. ಕನ್ನಡಕವನ್ನು ಹಣೆಯ ಮೇಲೇರಿಸಿ ಅದನ್ನೇ ಹುಡುಕುವ ಮನುಷ್ಯ, ರೋಗಿಗಳ ಹತ್ತಿರ ಎಂದೂ ಸಿಡುಕಿದವರಲ್ಲ. ಇಸಿಜಿ ಯಂತ್ರ ದೇವೇಂದ್ರಪ್ಪನ ಕೈಯಲ್ಲಿತ್ತು. ಮಂಚದ ಮೇಲೆ ಮಲಗಿಸಿ, ಅಂಗಿ ಬಿಚ್ಚಿಸಿ, ಎದೆಗೆ ರಬ್ಬರಿನ ಬುರುಡೆಗಳನ್ನು ಅಂಟಿಸುತ್ತಿದ್ದ. ಬಾಗಿಲು ಸದಾ ತೆರೆದೇ ಇರುತ್ತಿತ್ತು. ಬರುತ್ತಿದ್ದವರೆಲ್ಲ ಗಂಡಸರು, ಹಾಗಾಗಿ ಬಾಗಿಲ ಚಿಂತೆ ಯಾರಿಗೂ ಇರಲಿಲ್ಲ.

ಆಗಾಗ ಅಧ್ಯಯನಕ್ಕೆ ದುಡ್ಡು ಕೊಡುವ ದಿಲ್ಲಿಯ ಕಚೇರಿಯಿಂದ ಫೋನು ಬರುತ್ತಿತ್ತು. ಹೆಂಗಸರೆಷ್ಟು, ಬೇರೆ ಬೇರೆ ಸಮುದಾಯದವರೆಷ್ಟು ಎಂದು ಕೇಳುತ್ತಿದ್ದರು. ಎಲ್ಲರೂ ಇರಬೇಕೆಂಬುದು ಮೊದಲಿನಿಂದಲೂ ನಿಯಮವೇ. ಡಾಕ್ಟರು ನಿಜವಾದ ಸಂಕಟದಿಂದಲೇ ಉತ್ತರಿಸುತ್ತಿದ್ದರು: "ಹೆಣ್ಮಕ್ಕಳು ಬರಂಗಿಲ್ರಿ. ಏನು ಮಾಡೋಣ ಹೇಳ್ರಿ?"

ಬರುತ್ತಿದ್ದ ಗಂಡಸರಲ್ಲಿ ರಾಜೇಸಾಬ ಒಬ್ಬ. ಪಾತ್ರೆಗಳಿಗೆ ಕಲಾಯಿ ಹಾಕಿ ಬದುಕಿದವನು. ಒಮ್ಮೆ ಹೃದಯಾಘಾತವಾದ ಮೇಲೆ ಓಣಿ ಓಣಿ ತಿರುಗುವುದನ್ನು ಬಿಟ್ಟಿದ್ದ. ಅವನ ಜೊತೆ ಹೆಂಡತಿ ದಾವಲಬಿ ಬರುತ್ತಿದ್ದಳು. ಬಾಗಿಲ ಹೊರಗೆ ಗೋಡೆಗೊರಗಿ ನೆಲದ ಮೇಲೆ ಕೂತು, ಬುತ್ತಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಬರಬರುತ್ತ ಅವಳು ಸೊರಗುತ್ತಿದ್ದಳು. ಗೋಡೆ ಹಿಡಿದು ಏಳುವಳು, ಏದುಸಿರು ಬಿಡುವಳು, ಒಮ್ಮೊಮ್ಮೆ ದವಡೆಯನ್ನು ಒತ್ತಿ ಹಿಡಿದುಕೊಳ್ಳುವಳು. ಹೊರರೋಗಿ ವಿಭಾಗದಲ್ಲಿ ತೋರಿಸಿದಾಗ ಗ್ಯಾಸು ಎಂದು ಮಾತ್ರೆ ಕೊಟ್ಟಿದ್ದರಂತೆ.

ಒಂದು ಬೆಳಿಗ್ಗೆ ರಾಜೇಸಾಬ ಮಂಚ ಹತ್ತಲು ಒಪ್ಪಲಿಲ್ಲ.

"ಡಾಕ್ಟರ್ ಸಾಹೇಬ್ರ, ಇವತ್ತ ನನ್ನ ನೋಡಬ್ಯಾಡ್ರಿ. ಹೊರಗ ಕೂತಾಳಲ್ಲ, ಆಕಿನ್ನ ನೋಡ್ರಿ. ನನ್ನ ಜಾಗಾ ಆಕಿಗೆ ಕೊಟ್ಟುಬಿಡ್ರಿ."

ಡಾಕ್ಟರು ನಕ್ಕರು. "ಇದು ಬಸ್ಸಿನ ಸೀಟಲ್ಲೋ ರಾಜೇಸಾಬ, ಎದ್ದು ಬಿಟ್ಟುಕೊಡಾಕ. ಆಕಿಗೆ ಏನಾಗೇತಿ?"

"ರಾತ್ರಿಯೆಲ್ಲ ಕೂತೇ ಇರ್ತಾಳ್ರಿ. ಮಲಗಿದ್ರ ಎದಿ ಮ್ಯಾಲ ಕಲ್ಲು ಇಟ್ಟಂಗ ಆಕ್ಕೈತಂತ. ನಿಮಗ ಹೇಳಬ್ಯಾಡ ಅಂತ ನನ್ನ ಮ್ಯಾಲ ಆಣಿ ಹಾಕ್ಯಾಳ."

ಡಾಕ್ಟರ ನಗು ನಿಂತಿತು. ಆದರೂ ಬಾಯಿಗೆ ರೂಢಿಯಾದ ಮಾತು ಬಂದೇ ಬಂತು: "ನಮ್ಮ ಹೆಣ್ಮಕ್ಕಳು ಹಿಂಗನ ನೋಡು. ತೋರಿಸಿಕೊಳ್ಳಾಕ ಬರಂಗೇ ಇಲ್ಲ."

"ಬರಂಗಿಲ್ಲ ಅಂತೀರಲ್ರಿ! ನಾ ಬಂದಾಗೆಲ್ಲ ಆಕೀನೂ ಬಂದು ನಿಮ್ಮ ಬಾಗಿಲದಾಗ ಕೂತಾಳ. ಒಳಗ ಬಾ ಅಂತ ಯಾರು ಕರೆದೀರಿ?"

ರಾಜೇಸಾಬ ಜೋರು ಮಾಡಲಿಲ್ಲ. ಕೈ ಮುಗಿದುಕೊಂಡೇ ಹೇಳಿದ. ಡಾಕ್ಟರು ಎದ್ದು ಬಾಗಿಲಿಗೆ ಹೋಗಿ, ಬಗ್ಗಿ, "ಅವ್ವಾ, ಒಳಗ ಬಾ" ಎಂದು ಕರೆದರು.

ದಾವಲಬಿ ಒಳಗೆ ಬಂದಳು. ಮಂಚ ನೋಡಿದಳು, ತೆರೆದ ಬಾಗಿಲು ನೋಡಿದಳು, ವೈರು ಹಿಡಿದು ನಿಂತ ದೇವೇಂದ್ರಪ್ಪನನ್ನು ನೋಡಿದಳು. "ನಾ ಒಲ್ಲೆ" ಎಂದು ಹಿಂದಕ್ಕೆ ತಿರುಗಿದಳು. ಗಂಡ ಕೈ ಹಿಡಿದ. ಆಕೆಯ ಕಣ್ಣಲ್ಲಿ ನೀರು.

ಆಗ ಡಾಕ್ಟರು ವಾರ್ಡಿನಿಂದ ಸುಗಂಧಾ ಸಿಸ್ಟರನ್ನು ಕರೆಸಿದರು. ಸಿಸ್ಟರು ಬಂದವರೇ ಕಪಾಟು ತೆರೆದು ನನ್ನನ್ನು ಜಗ್ಗಿ ಹೊರಗೆ ತೆಗೆದು ಕೊಡವಿದರು. ಧೂಳಿಗೆ ಎಲ್ಲರೂ ಸೀನಿದರು. ಕಿಟಕಿಯಿಂದ ಬಾಗಿಲಿಗೆ ಹಗ್ಗ ಕಟ್ಟಿ ನನ್ನನ್ನು ಇಳಿಬಿಟ್ಟರು. ಒಂದು ಕಡೆ ದಾವಲಬಿ ಮತ್ತು ಸಿಸ್ಟರು, ಇನ್ನೊಂದು ಕಡೆ ಗಂಡಸರು.

ಸಿಸ್ಟರಿಗೆ ಇಸಿಜಿ ಮಾಡಿ ಗೊತ್ತಿರಲಿಲ್ಲ. ದೇವೇಂದ್ರಪ್ಪ ನನಗೆ ಬೆನ್ನು ಮಾಡಿ ನಿಂತು ಹೇಳಿಕೊಟ್ಟ.

"ಕೆಂಪು ವೈರು ಬಲಗೈಗೆ, ಸಿಸ್ಟರ್. ಹಳದಿ ಎಡಗೈಗೆ. ಹಸಿರು ಎಡಗಾಲಿಗೆ. ಕರೇದು ಬಲಗಾಲಿಗೆ."

ಎದೆಗೆ ರಬ್ಬರಿನ ಬುರುಡೆ ಅಂಟಿಸಿದಾಗ ದಾವಲಬಿ ಕಿಸಕ್ಕನೆ ನಕ್ಕಳು. "ಯವ್ವಾ, ಇವು ಜಿಗಣಿ ಕಚ್ಚಿದಂಗ ಕಚ್ಚತಾವ!"

"ಅಂಜಬ್ಯಾಡ, ನಾ ಇಲ್ಲೇ ಅದೀನಿ" ಎಂದ ರಾಜೇಸಾಬ. ಅವನು ನನ್ನ ಬಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಹಿಡಿದಿದ್ದ.

ಕಾಗದ ಹೊರಬಂತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು, ಕನ್ನಡಕ ಇಳಿಸಿ ಇನ್ನೊಮ್ಮೆ ಹಿಡಿದರು. ಅದು ಗ್ಯಾಸಾಗಿರಲಿಲ್ಲ. ಅಂದೇ ದಾವಲಬಿಯನ್ನು ವಾರ್ಡಿಗೆ ಸೇರಿಸಿಕೊಂಡರು. ಆಕೆ ಬದುಕಿದ್ದು ಸ್ವಲ್ಪದರಲ್ಲಿ ಎಂದು ಆಮೇಲೆ ಸಿಸ್ಟರು ದೇವೇಂದ್ರಪ್ಪನಿಗೆ ಹೇಳುವುದನ್ನು ಕೇಳಿದೆ.

ಗುಣವಾಗಿ ಮನೆಗೆ ಹೋದ ಮೇಲೆ ಅಧ್ಯಯನಕ್ಕೆ ಸೇರುತ್ತೀಯಾ ಎಂದು ಕೇಳಿದರು. ದಾವಲಬಿ ಒಬ್ಬಳೇ ಉತ್ತರ ಕೊಡಲಿಲ್ಲ. ಮುಂದಿನ ಸಲ ಬರುವಾಗ ಓಣಿಯ ಹೆಂಗಸರನ್ನೂ ಕರೆದುಕೊಂಡು ಬಂದಳು. ಎಲ್ಲರೂ ನನ್ನ ಈಚೆ ಚಾಪೆ ಹಾಸಿ ಕೂತರು. ಡಾಕ್ಟರೂ ಕುರ್ಚಿ ಬಿಟ್ಟು ಚಾಪೆಗೆ ಇಳಿದರು. ಒಪ್ಪಿಗೆ ಕೇಳುವ ಅಚ್ಚಾದ ಹಾಳೆಯಲ್ಲಿದ್ದ ಪುಸ್ತಕದ ಕನ್ನಡ ಯಾರಿಗೂ ಹತ್ತಲಿಲ್ಲ. ಡಾಕ್ಟರು ಆಡುಮಾತಿನಲ್ಲಿ ಹೇಳುತ್ತ ಹೋದರು, ರಾಜೇಸಾಬ ಅದನ್ನು ಮನೆಮಾತಾದ ಉರ್ದುವಿಗೆ ತಿರುಗಿಸಿದ.

"ನಮ್ಮ ಮ್ಯಾಲ ಪರೀಕ್ಷಾ ಮಾಡ್ತೀರೇನು? ನಾವೇನು ಇಲಿಗಳೇನು?" ಎಂದು ಬೀಬಿಜಾನ್ ಎಂಬ ಮುದುಕಿ ನೇರವಾಗಿ ಕೇಳಿದಳು.

ಡಾಕ್ಟರು ತಡವರಿಸಲಿಲ್ಲ. "ಪರೀಕ್ಷಾನ ಐತ್ರಿ ಅಮ್ಮಾ. ಅರ್ಧ ಮಂದಿಗೆ ಹೊಸಾ ಮಾತ್ರಿ, ಅರ್ಧ ಮಂದಿಗೆ ಈಗ ಎಲ್ಲಾರೂ ನುಂಗೋ ಮಾತ್ರಿ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಂಗಿಲ್ಲ. ತ್ರಾಸಾದ್ರ ಆ ಕ್ಷಣಕ್ಕ ಬಿಡಬಹುದು. ಸೇರದಿದ್ರೂ ಔಷಧಿ ಎಂದಿನಂಗ ಕೊಡ್ತೀವಿ. ಇಷ್ಟು ದಿನಾ ಗಂಡಸರ ಮೈ ನೋಡಿ ನಿಮಗೂ ಔಷಧಿ ಬರದೀವಿ. ಅದು ನಿಮ್ಮ ಮೈಗೆ ಹೆಂಗ ಅಂತ ನಮಗ ತಿಳಿದಿಲ್ಲ."

ಬೀಬಿಜಾನ್ ಒಲ್ಲೆ ಎಂದು ಎದ್ದಳು. "ಆಗಲ್ರಿ ಅಮ್ಮಾ" ಎಂದು ಡಾಕ್ಟರು ಬಾಗಿಲತನಕ ಹೋಗಿ ಬಿಟ್ಟುಬಂದರು. ಅದನ್ನು ನೋಡಿದ ಮೇಲೆ ದಾವಲಬಿ ಹೆಬ್ಬೆಟ್ಟು ಮುಂದೆ ಚಾಚಿದಳು.

ಅಲ್ಲಿಂದ ನನಗೆ ಬಿಡುವೇ ಇಲ್ಲ. ಓಣಿಯವರು ಬಂದರು, ತಾಂಡಾದವರು ಬಂದರು, ಸಂತೆಯ ದಿನ ಬುಟ್ಟಿ ಹೊತ್ತವರೂ ಬಂದರು. ಎಷ್ಟು ಬಗೆಯ ಬಳೆ, ಎಷ್ಟು ಬಗೆಯ ಮಾತು! ರಾಜೇಸಾಬ ಮಾತ್ರ ತನ್ನ ತಪಾಸಣೆ ಮುಗಿಸಿ, ಹೆಂಡತಿಯ ಸರದಿ ಬಂದಾಗ ನನ್ನ ಹತ್ತಿರ ಬಂದು ನಿಲ್ಲುತ್ತಿದ್ದ. ದೇವೇಂದ್ರಪ್ಪ ಬಣ್ಣಗಳನ್ನು ಹೇಳುವನು. "ನಾ ಇಲ್ಲೇ ಅದೀನಿ" ಎಂದು ರಾಜೇಸಾಬ ಹೇಳುವನು. "ಗೊತ್ತೈತಿ ಬಿಡ್ರಿ, ಎಲ್ಲಿ ಹೊಕ್ಕೀರಿ" ಎಂದು ಒಳಗಿನಿಂದ ದಾವಲಬಿ ಗದರುವಳು.

ದಾವಲಬಿಗೆ ಅಧ್ಯಯನದ ಮಾತ್ರೆ ನುಂಗಿದ ಮೇಲೆ ತಲೆ ತಿರುಗುತ್ತಿತ್ತು. ಬೇರೆ ಹೆಂಗಸರೂ ಅದನ್ನೇ ಹೇಳಿದರು. ಗಂಡಸರಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಡಾಕ್ಟರು ಗಾಬರಿಯಾಗಿ, "ಬಿಡ್ತೀಯೇನವ್ವಾ?" ಎಂದು ಕೇಳಿದರು. "ಸ್ವಲ್ಪ ಹೊತ್ತು ಕೂತ್ರ ಹೊಕ್ಕೈತ್ರಿ. ನೀವು ದಿಲ್ಲಿಗೆ ಹೇಳ್ರಿ, ನಾ ನುಂಗತೀನಿ" ಎಂದಳು. ಡಾಕ್ಟರು ಅಂದೇ ದಿಲ್ಲಿಗೆ ತಿಳಿಸಿದರು.

ಮರುವರ್ಷದ ಬೇಸಿಗೆಯಲ್ಲಿ ರಾಜೇಸಾಬ ನಿದ್ದೆಯಲ್ಲೇ ಹೋಗಿಬಿಟ್ಟ. ಸುದ್ದಿ ತಂದದ್ದು ಬೀಬಿಜಾನ್.

ದಾವಲಬಿ ಇದ್ದತ್ತಿಗೆ ಕೂತಳು. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುವ ಪದ್ಧತಿ ಅದು. ಕಾಯಿಲೆಗೆ ಆಸ್ಪತ್ರೆಗೆ ಹೋಗಬಹುದೆಂದು ಮಸೀದಿಯ ಹಿರಿಯರೇ ಹೇಳಿದ್ದರು. ಆದರೆ ಅವಳಿಗೆ ಹೊಸ್ತಿಲು ದಾಟುವ ಮನಸ್ಸಿರಲಿಲ್ಲ. ಇತ್ತ ಅಧ್ಯಯನದ ನಿಯಮದಂತೆ, ಸತತವಾಗಿ ತಪಾಸಣೆ ತಪ್ಪಿಸಿದವರನ್ನು ಬಿಟ್ಟುಹೋದವರೆಂದು ಕೈಬಿಡಬೇಕು. ಅವಳ ತಲೆಸುತ್ತು, ಅವಳ ತಾಳ್ಮೆ, ಎಲ್ಲವೂ ವ್ಯರ್ಥ.

"ಆಕಿ ಎಲ್ಲಿ ಬಿಟ್ಟುಹೋಗ್ಯಾಳ? ಮನ್ಯಾಗ ಅದಾಳ" ಎಂದರು ಸುಗಂಧಾ ಸಿಸ್ಟರು.

ಡಾಕ್ಟರು ದಿಲ್ಲಿಗೆ ಫೋನು ಮಾಡಿದರು. ಮನೆಯಲ್ಲೇ ತಪಾಸಣೆ ಮಾಡಬಹುದೇ ಎಂದು ಕೇಳಿ, ಬಿಡದೆ ವಾದಿಸಿ, ಒಪ್ಪಿಗೆ ಪಡೆದರು. ಹೀಗೆ ನಾನು ಮೊದಲ ಬಾರಿ ಆಸ್ಪತ್ರೆಯಿಂದ ಹೊರಗೆ ಹೋದೆ. ಸಿಸ್ಟರ ಹೆಗಲ ಮೇಲೆ ನಾನು, ದೇವೇಂದ್ರಪ್ಪನ ಕೈಯಲ್ಲಿ ಯಂತ್ರ.

ಮನೆ ಸಣ್ಣದು. ನನ್ನನ್ನು ಬಾಗಿಲಿಗೇ ಕಟ್ಟಿದರು. ಯಂತ್ರವನ್ನೂ ಸಿಸ್ಟರೇ ಒಳಗೆ ಒಯ್ದರು. ದೇವೇಂದ್ರಪ್ಪ ಹೊರಗೆ ಕಟ್ಟೆಯ ಮೇಲೆ ಕೂತ. ಅಷ್ಟು ಹೊತ್ತಿಗೆ ಸಿಸ್ಟರಿಗೆ ಕೆಲಸವೆಲ್ಲ ಬರುತ್ತಿತ್ತು, ಯಾರೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಸದ್ದಿಲ್ಲದೆ ವೈರು ಬಿಡಿಸತೊಡಗಿದರು.

ಆಮೇಲೆ ದಾವಲಬಿ ಬಾಗಿಲ ಕಡೆ ಮುಖ ಮಾಡಿ ಕರೆದಳು. "ದೇವೇಂದ್ರಪ್ಪಣ್ಣಾ."

"ಹೇಳಬೇ ಅಕ್ಕಾ."

"ಬಣ್ಣಾ ಹೇಳ್ರಿ."

ದೇವೇಂದ್ರಪ್ಪ ಎಂದಿನಂತೆ ನನಗೆ ಬೆನ್ನು ಮಾಡಿ ಕೂತ. "ಕೆಂಪು ಬಲಗೈಗೆ" ಎಂದ. "ಹಳದಿ ಎಡಗೈಗೆ. ಹಸಿರು ಎಡಗಾಲಿಗೆ. ಕರೇದು ಬಲಗಾಲಿಗೆ."

ಒಳಗಿನಿಂದ ಅಳು ಕೇಳಿಸಿತು. ಅಷ್ಟು ದಿನ ಬಾರದೆ ನಿಂತಿದ್ದ ಅಳು. ಸಿಸ್ಟರು ವೈರುಗಳನ್ನು ಪಕ್ಕಕ್ಕಿಟ್ಟು ಅವಳನ್ನು ಮಗ್ಗುಲಿಗೆ ಎಳೆದುಕೊಂಡರು. ಅತ್ತು ಮುಗಿಯುವವರೆಗೂ ಯಾರಿಗೂ ಅವಸರವಿರಲಿಲ್ಲ. ಗಾಳಿ ಬೀಸಿ ನಾನು ಹಾರದ ಹಾಗೆ ದೇವೇಂದ್ರಪ್ಪ ನನ್ನ ತುದಿಯನ್ನು ಹಿಡಿದುಕೊಂಡು ಕೂತಿದ್ದ. ಇದ್ದತ್ತು ಮುಗಿಯುವ ತನಕ ತಿಂಗಳಿಗೊಮ್ಮೆ ಹಾಗೆಯೇ ಹೋಗಿಬಂದೆವು.

ಅಧ್ಯಯನ ಮುಗಿಯಿತು. ಬೇರೆ ಊರುಗಳ ಹೆಂಗಸರದ್ದೂ ಸೇರಿಸಿ ನೋಡಿದಾಗ, ಆ ಹೊಸ ಮಾತ್ರೆ ಹೆಂಗಸರಿಗೆ ಕಡಿಮೆ ಪ್ರಮಾಣದಲ್ಲಿ ಸಾಕು ಎಂದು ತಿಳಿಯಿತಂತೆ. ಪೂರಾ ಪ್ರಮಾಣ ಅವರಿಗೆ ಹೆಚ್ಚಾಗುತ್ತಿತ್ತು. ಡಾಕ್ಟರು ನಿವೃತ್ತರಾಗುವ ವಾರ ಇದನ್ನು ಹೇಳಲೆಂದೇ ದಾವಲಬಿಯನ್ನು ಕರೆಸಿದರು. ಕೇಳಿ ಅವಳು ಕೊಂಚ ಯೋಚಿಸಿದಳು. "ಹಂಗಾದ್ರ ಇನ್ನ ಮುಂದ ಯಾವ ಹೆಣ್ಣುಮಗಳಿಗೂ ನನ್ನಂಗ ತಲಿ ತಿರುಗಂಗಿಲ್ಲೇನ್ರಿ?" ಎಂದಳು. "ಇಲ್ಲವ್ವಾ" ಎಂದರು ಡಾಕ್ಟರು. "ಚೊಲೋ ಆತು ಬಿಡ್ರಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ನನಗೆ ವಯಸ್ಸಾಯಿತು. ಒಗೆದು ಒಗೆದು ಬಣ್ಣ ಹೋಯಿತು, ನಡುವೆ ಹರಿಯಿತು. ಈಗ ಹೆಂಗಸರ ಇಸಿಜಿಗೆ ಬಾಗಿಲು ಮುಚ್ಚಿಡುವ ಬೇರೆ ಕೋಣೆಯಿದೆ, ಹೆಂಗಸೇ ಯಂತ್ರ ನೋಡಿಕೊಳ್ಳುತ್ತಾಳೆ. ನನ್ನ ಒಂದು ಅರ್ಧ ನೆಲ ಒರೆಸಿ ಸವೆದುಹೋಯಿತು. ಇನ್ನೊಂದು ಅರ್ಧವನ್ನು ಕಾಯುವ ಕೋಣೆಯ ಮೂಲೆಯಲ್ಲಿ, ಎರಡು ಕೊಕ್ಕೆಗಳಿಗೆ ಜೋಲಿಯಾಗಿ ಕಟ್ಟಿದ್ದಾರೆ.

ಯಾಕೆಂದರೆ ಹೊಸ ಅಧ್ಯಯನವೊಂದು ಶುರುವಾಗಿದೆ. ಹೆತ್ತ ಮೇಲೆ ಕೆಲವು ಹೆಂಗಸರ ಹೃದಯ ಸೋಲುತ್ತದಂತೆ, ಅದರ ಬಗ್ಗೆ. ಹಿಂದೆ ಬಾಣಂತಿಯರೆಂದರೆ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಈಗ ಅವರಿಗಾಗಿಯೇ ಬಾಗಿಲು ತೆರೆದಿದೆ. ಹೊಸಬರಿಗೆ ಧೈರ್ಯ ಹೇಳಲು ದಾವಲಬಿ ಬರುತ್ತಾಳೆ. ನಿನ್ನೆ ತಾಂಡಾದ ಚಾಂದಿಬಾಯಿ ಕೂಸನ್ನೆತ್ತಿಕೊಂಡು ಅಂಜುತ್ತ ಬಂದು, "ಮಾತ್ರಿ ಎದಿಹಾಲಿಗೆ ಇಳಿತೈತೇನ್ರಿ?" ಎಂದು ಕೇಳಿದಳು. ದಾವಲಬಿ ಆ ಪ್ರಶ್ನೆಯನ್ನು ಎಳೆಯ ಡಾಕ್ಟರಮ್ಮನ ಕಡೆ ತಿರುಗಿಸಿದಳು: "ಹೇಳ್ರಿ. ಗೊತ್ತಿಲ್ಲದಿದ್ರ ಗೊತ್ತಿಲ್ಲ ಅನ್ರಿ." ಡಾಕ್ಟರಮ್ಮ ತನಗೆ ಗೊತ್ತಿದ್ದಷ್ಟನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದರು. ಮನೆಯಲ್ಲಿ ಕೇಳಿಕೊಂಡು ಬರುತ್ತೇನೆಂದು ಚಾಂದಿಬಾಯಿ ಹೋದಳು. ಇವತ್ತು ಅತ್ತೆಯನ್ನೂ ಕರೆದುಕೊಂಡು ಬಂದಿದ್ದಾಳೆ.

ಮರೆ ಮಾಡುವುದಕ್ಕೆಂದು ತೂಗಿಬಿಟ್ಟ ಬಟ್ಟೆ ನಾನು. ನನ್ನ ಮರೆಗೆ ಬಂದ ಮೇಲೆಯೇ ಎಷ್ಟೋ ಜನ ಲೆಕ್ಕಕ್ಕೆ ಬಂದರು. ಇದನ್ನು ನೆನೆದರೆ ಹರಿದ ಮೈಯ ನೋವು ನೋವೆನಿಸುವುದಿಲ್ಲ.

ಚಾಂದಿಬಾಯಿ ಒಳಗೆ ಹೋಗಿದ್ದಾಳೆ. ಕೂಸು ನನ್ನೊಳಗೆ ಮಲಗಿದೆ, ಬೆಚ್ಚಗೆ, ಪೇರಲಹಣ್ಣಿನಷ್ಟು ಮುಷ್ಟಿ ಕಟ್ಟಿಕೊಂಡು. ದಾವಲಬಿ ಒಂದು ಕೈಯಿಂದ ನನ್ನನ್ನು ತೂಗುತ್ತಿದ್ದಾಳೆ. ಕೂಸು ಮುಖ ಕಿವುಚಿ ಇನ್ನೇನು ಅಳಬೇಕು, ಅಷ್ಟರಲ್ಲಿ ಅವಳು ಬಗ್ಗಿ ಮೆಲ್ಲಗೆ ಹೇಳುತ್ತಾಳೆ: "ಅಳಬ್ಯಾಡ ಕೂಸಽ. ನಿಮ್ಮವ್ವ ಒಳಗ ಅದಾಳ."